ಮೂರೂವರೆ ಇಂಚಿನ ಆಸೆ

ನಮ್ಮ ಪಿಕಪ್ಪಿನ ಮುಂದಿನ ಪ್ರೊಪೆಲ್ಲರ್ ಶಾಫ್ಟ್, ಅಂದರೆ ಎಂಜಿನ್ ಬಲವನ್ನು ಮುಂದಿನ ಚಕ್ರಗಳ ಕಡೆಗೆ ಒಯ್ಯುವ ತಿರುಗುವ ಕೊಳವೆ, ಕಳಚಿ ಬಿದ್ದದ್ದು ನಮ್ಮ ತೋಟದ ದಾರಿಯ ಮೂರನೇ ತಿರುವಿನಲ್ಲಿ. ಜೂನ್ ಕೊನೆಯ ವಾರ, ಬೆಳಗ್ಗಿನಿಂದ ಬಿಡದ ಮಳೆ. ಫೋರ್ ವೀಲ್ ಹಾಕಿ ಲೋ ಗೇರಿನಲ್ಲಿ ನಿಧಾನ ಹತ್ತುತ್ತಿದ್ದೆ. ಮುಂದಿನ ಒಂದು ಚಕ್ರ ಕೊರಕಲಿನ ಮೇಲೆ ಬಂದು ಕೆಳಕ್ಕೆ ಜೋತುಬಿತ್ತು. ಮೊದಲು ಟಕ್ ಅಂತ ಸಣ್ಣ ಸದ್ದು. ಆಮೇಲೆ ಯಾರೋ ಗಾಡಿಯ ಅಡಿಯಲ್ಲಿ ಕೂತು ಹಾರೆಯಲ್ಲಿ ಬಡಿದ ಹಾಗೆ ನಾಲ್ಕೈದು ಏಟು. ಎಂಜಿನ್ ಆಫ್ ಮಾಡಿ ಕೂತೆ. ಇಳಿಯಲು ಮನಸ್ಸೇ ಬರಲಿಲ್ಲ.

ಕೊನೆಗೆ ಗೋಣಿ ಹಾಸಿ, ಅಂಗಾತ ಮಲಗಿ, ಟಾರ್ಚ್ ಬಿಟ್ಟು ನೋಡಿದರೆ ಶಾಫ್ಟ್ ಎರಡು ತುಂಡು. ಮುರಿದಿರಲಿಲ್ಲ. ಒಂದರೊಳಗೆ ಒಂದು ಹೊಕ್ಕು ಹಿಂದೆ ಮುಂದೆ ಜಾರುವ ಜಾಗ ಇದೆಯಲ್ಲ, ಹಲ್ಲು ಹಲ್ಲಿನ ಸ್ಪ್ಲೈನು, ಅಲ್ಲಿಂದ ಪೂರ್ತಿ ಹೊರಗೆ ಬಂದಿತ್ತು. ಒಂದು ತುಂಡು ಕೆಸರಿನಲ್ಲಿ ಮೂಗು ಹೂತು ಕೂತಿತ್ತು. ಇನ್ನೊಂದು ತುಂಡು ತಿರುಗಿ ತಿರುಗಿ ಸೈಲೆನ್ಸರ್ ಪೈಪನ್ನು ಚಪ್ಪಟೆ ಮಾಡಿತ್ತು. ಹೊರಗೆ ಬರುವಷ್ಟರಲ್ಲಿ ಕುತ್ತಿಗೆಗೆ ಎರಡು ಜಿಗಣೆ.

ಇದೆಲ್ಲ ನಾನೇ ದುಡ್ಡು ಕೊಟ್ಟು ಮಾಡಿಸಿಕೊಂಡದ್ದು. ಬೇರೆ ಯಾರನ್ನೂ ಬೈಯುವ ಹಾಗಿಲ್ಲ.

ನಮ್ಮ ಮನೆ ಕೊಡಗಿನ ಮಾದಾಪುರದಿಂದ ಹಟ್ಟಿಹೊಳೆ ಕಡೆಗೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದ ಮೇಲೆ ಈ ಕಡೆ ನೀರು ಹರಿಯುವ ಜಾಗವೇ ಬದಲಾಯಿತು. ಮೊದಲು ತೋಡಿನಲ್ಲಿ ಹೋಗುತ್ತಿದ್ದ ನೀರು ಈಗ ನಮ್ಮ ದಾರಿಯಲ್ಲೇ ಇಳಿಯುತ್ತದೆ. ಪ್ರತಿ ಮಳೆಗಾಲ ಕಳೆದ ಮೇಲೆ ದಾರಿಯ ನಡುವೆ ದಿಂಡಿನ ಹಾಗೆ ಒಂದು ಏರು, ಎರಡೂ ಕಡೆ ಮೊಣಕಾಲುದ್ದ ಕೊರಕಲು. ನಮ್ಮ ಗಾಡಿ ಹಳೆಯ ಮಹೀಂದ್ರ ಪಿಕಪ್. ಫೋರ್ ವೀಲ್, ಪ್ಯೂಜೋ ಡೀಸೆಲ್ ಎಂಜಿನ್, ಮುಂದೆಯೂ ಹಿಂದೆಯೂ ಸ್ಪ್ರಿಂಗ್ ಬ್ಲೇಡ್. ಅಪ್ಪ ತೆಗೆದದ್ದು. ಕಾಫಿ ಚೀಲ, ಗೊಬ್ಬರ, ಮೆಣಸಿನ ಏಣಿ, ಅಮ್ಮನ ಆಸ್ಪತ್ರೆ, ಎಲ್ಲದಕ್ಕೂ ಇದೇ. ಅಡಿಭಾಗ ಆ ದಿಂಡಿಗೆ ಉಜ್ಜುವ ಸದ್ದು ಕೇಳಿ ಕೇಳಿ ಸಾಕಾಗಿತ್ತು. ಎತ್ತಿಸಿಬಿಡೋಣ ಅಂದುಕೊಂಡೆ.

ಎತ್ತಿಸುವುದು ಅಂದರೆ ಮೂರು ಕೆಲಸ ಮಾಡಿಸಿದೆ. ಮುಂದಿನ ಬ್ಲೇಡ್ ಸೆಟ್ ಬಿಚ್ಚಿಸಿ, ಬಡಿಸಿ ಬಾಗು ಹೆಚ್ಚಿಸಿ, ಒಂದು ಬ್ಲೇಡ್ ಸೇರಿಸಿದ್ದು. ಅದರಿಂದ 2 ಇಂಚು. ಆಮೇಲೆ ಉದ್ದದ ಶ್ಯಾಕಲ್. ಬ್ಲೇಡಿನ ಒಂದು ತುದಿ ಚಾಸಿಗೆ ನೇರ ಪಿನ್ನಿನಲ್ಲಿ ಕೂತಿರುತ್ತದೆ, ಇನ್ನೊಂದು ತುದಿ ಶ್ಯಾಕಲ್‌ನಲ್ಲಿ ತೂಗುತ್ತಿರುತ್ತದೆ. ಹಳೆಯದು ತೂತಿನಿಂದ ತೂತಿಗೆ 3 ಇಂಚು ಇತ್ತು. ವೆಲ್ಡಿಂಗ್ ಅಂಗಡಿಯಲ್ಲಿ ದಪ್ಪ ಪಟ್ಟಿ ಕತ್ತರಿಸಿ 6 ಇಂಚಿನದು ಮಾಡಿಸಿದೆ. 3 ಇಂಚು ಜಾಸ್ತಿ ಮಾಡಿದರೆ 3 ಇಂಚು ಮೇಲೆ ಹೋಗುತ್ತದೆ ಅಂತ ನಾನು ತಿಳಿದಿದ್ದೆ. ಹೋಗುವುದು ಅದರ ಅರ್ಧ, ಯಾಕಂದರೆ ಎತ್ತುವುದು ಬ್ಲೇಡಿನ ಒಂದು ತುದಿಯನ್ನು ಮಾತ್ರ. ಅಂತೂ ಮುಂದೆ ಒಟ್ಟು ಮೂರೂವರೆ ಇಂಚು. ಹಿಂದೆ ಒಂದು ಬ್ಲೇಡ್ ಸೇರಿಸಿ ಸಮ ಮಾಡಿಸಿದೆ. ಕೊನೆಗೆ 6.00-16 ಟೈರ್ ತೆಗೆದು 7.00-16 ಹಾಕಿಸಿದೆ. ಹೊಸ ಎತ್ತರಕ್ಕೆ ಹೊಂದುವ ಉದ್ದದ ಶಾಕ್ ಅಬ್ಸಾರ್ಬರ್ ಕೂಡ. ಈ ಶಾಕ್ ಅಬ್ಸಾರ್ಬರ್ ಮಾತು ನೆನಪಿರಲಿ, ಮುಂದೆ ಬರುತ್ತದೆ.

ಗಾಡಿ ನೋಡಲು ಮಾತ್ರ ಚೆನ್ನಾಗಿತ್ತು. ಸುಳ್ಳು ಹೇಳುವುದಿಲ್ಲ, ಸುಂಟಿಕೊಪ್ಪ ಪೇಟೆಯಲ್ಲಿ ನಿಲ್ಲಿಸಿ ಎರಡು ಸಲ ತಿರುಗಿ ನೋಡಿದ್ದೇನೆ. ಅಮ್ಮ ಮಾತ್ರ ಹತ್ತಲಾಗದೆ ಅಡುಗೆಮನೆಯ ಮಣೆ ತಂದು ಕಾಲಿಟ್ಟು ಹತ್ತಿದರು. "ಇದೆಂತ, ಆನೆ ಮೇಲೆ ಕೂರ್ಸಿದ ಹಾಗೆ," ಅಂದರು.

ತೊಂದರೆ ಮೊದಲ ಮಳೆಗೇ ಶುರುವಾಯಿತು. ಫೋರ್ ವೀಲ್ ಹಾಕಿದ ತಕ್ಷಣ ಕಾಲಡಿಯಲ್ಲಿ ಗುರ್ ಅನ್ನುವ ನಡುಕ. ವೇಗ 20 ದಾಟಿದರೆ ಗೇರ್ ಲಿವರ್ ಕೈಯಲ್ಲಿ ಕುಣಿಯುತ್ತಿತ್ತು. ನನ್ನ ಗಾಡಿಗೆ ಫ್ರೀ ವೀಲ್ ಹಬ್ ಇದೆ, ಮುಂದಿನ ಚಕ್ರವನ್ನು ಬೇಕಾದಾಗ ಶಾಫ್ಟಿಗೆ ಸೇರಿಸುವ, ಬೇಡವಾದಾಗ ಬಿಡಿಸುವ ಬೀಗ. ಹಬ್ ಫ್ರೀ ಇದ್ದಾಗ ಮುಂದಿನ ಶಾಫ್ಟ್ ತಿರುಗುವುದೇ ಇಲ್ಲ, ಆಗ ನಡುಕವೂ ಇಲ್ಲ. ಹಬ್ ಲಾಕ್ ಮಾಡಿ, ಟೂ ವೀಲಿನಲ್ಲೇ ಇಟ್ಟು, ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಬಿಟ್ಟೆ. ನಡುಕ ಬಂತು. ಹಾಗಾದರೆ ಎಂಜಿನ್ ಅಲ್ಲ, ಗೇರ್ ಬಾಕ್ಸ್ ಅಲ್ಲ, ಶಾಫ್ಟೇ. ಇಷ್ಟು ಪತ್ತೆ ಮಾಡಿದ ಜಾಣ ಆಮೇಲೆ ಏನು ಮಾಡಿದ? ಗ್ರೀಸ್ ಹೊಡೆದು ಸುಮ್ಮನಾದ. ಹತ್ತು ದಿನ ಕಳೆದು ಶಾಫ್ಟ್ ಕೆಸರಿಗೆ ಬಿತ್ತು.

ನಮ್ಮ ಮೆಕ್ಯಾನಿಕ್ ಅಪ್ಪನ ಕಾಲದಿಂದ ಈ ಗಾಡಿ ನೋಡಿದವರು. ಎತ್ತಿಸುವಾಗ ಅವರಲ್ಲಿ ಕೇಳಿರಲಿಲ್ಲ. ಬೇಡ ಅನ್ನುತ್ತಾರೆ ಅಂತ ಗೊತ್ತಿತ್ತಲ್ಲ! ಅವರು ಗಾಡಿಯಡಿಗೆ ಹೋಗಿ ಹತ್ತು ನಿಮಿಷ ಮಾತೇ ಆಡಲಿಲ್ಲ. ಆಮೇಲೆ ಒಳಗಿನಿಂದಲೇ ಕರೆದರು.

"ಇಲ್ಲಿ ಬಾ ಮಾರಾಯ, ಇದನ್ನು ನೋಡು."

ಬೆರಳಿಟ್ಟು ತೋರಿಸಿದ್ದು ಯೋಕನ್ನು, ಅಂದರೆ ಶಾಫ್ಟ್ ತುದಿಯ ಜಾಯಿಂಟಿನಲ್ಲಿ ಕೂಡಿಸುವ ಗುರುತಿನ ಆಕಾರದ ಕ್ರಾಸ್ ಕೂರುವ ಕವಲನ್ನು. ಅದರ ಎರಡು ಕಿವಿಗಳ ಬುಡದಲ್ಲಿ ಹೊಸ ಐದು ರೂಪಾಯಿ ನಾಣ್ಯದ ಹಾಗೆ ಹೊಳೆಯುವ ಗೆರೆ. ಚಕ್ರ ಜೋತುಬಿದ್ದಾಗ ಜಾಯಿಂಟ್ ಎಷ್ಟು ಮಡಚುತ್ತಿತ್ತು ಅಂದರೆ, ಯೋಕಿನ ಕಿವಿ ಎದುರಿನ ಕಬ್ಬಿಣಕ್ಕೇ ತಾಗುತ್ತಿತ್ತು. ಕ್ರಾಸಿನ ಒಂದು ಬಟ್ಟಲು ಕಳಚಿದರು. ಒಳಗಿನ ಸೂಜಿ ಬೇರಿಂಗ್ ಒಣಗಿ ಇಟ್ಟಿಗೆ ಪುಡಿಯಂಥ ಕೆಂಪು ಪುಡಿ ಉದುರಿತು.

"ಮುಂಚೆ ಚಕ್ರ ಇಷ್ಟು ಕೆಳಗೆ ಹೋಗ್ತಿರಲಿಲ್ಲ. ಯಾಕೆ ಹೇಳು?"

ನನಗೆ ಗೊತ್ತಾಗಲಿಲ್ಲ. ಉತ್ತರ ಶಾಕ್ ಅಬ್ಸಾರ್ಬರ್. ಹಳೆಯದು ಗಿಡ್ಡ. ಅದು ಪೂರ್ತಿ ಎಳೆದು ನಿಂತಾಗ ಚಕ್ರವೂ ಅಲ್ಲೇ ನಿಲ್ಲುತ್ತಿತ್ತು. ಯಾರಿಗೂ ಹೇಳದೆ ಅದು ಶಾಫ್ಟನ್ನು ಕಾಯುತ್ತಿತ್ತು. ನಾನು ಉದ್ದದ್ದು ಹಾಕಿ ಆ ಕಾವಲನ್ನೇ ತೆಗೆದೆ. ಗಾಡಿ ಎತ್ತಿದ್ದಕ್ಕೆ ಟ್ರಾನ್ಸ್‌ಫರ್ ಕೇಸಿಗೂ (ಎಂಜಿನ್ ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಪೆಟ್ಟಿಗೆ) ಮುಂದಿನ ಹೌಸಿಂಗಿಗೂ (ಎರಡು ಚಕ್ರಗಳ ನಡುವಿನ ಆಕ್ಸಲ್ ಕವಚ) ಇರುವ ದೂರ ಸುಮಾರು ಒಂದಿಂಚು ಜಾಸ್ತಿಯಾಗಿತ್ತು. ಅದರ ಮೇಲೆ ಚಕ್ರ ಬೇರೆ ಜೋತುಬಿದ್ದರೆ ಸ್ಪ್ಲೈನು ಇನ್ನೆಷ್ಟು ಅಂತ ಚಾಚೀತು? ಅವರು ಬ್ರೇಕ್ ಹೋಸನ್ನೂ ಬೆರಳಲ್ಲಿ ಮೀಟಿ ತೋರಿಸಿದರು. ಚಕ್ರ ಪೂರ್ತಿ ಕೆಳಗಿಳಿದಾಗ ಅದು ತಂಬೂರಿ ತಂತಿಯ ಹಾಗೆ ಬಿಗಿಯಾಗಿತ್ತು. ಶಾಫ್ಟ್ ಬಿದ್ದದ್ದೇ ಒಳ್ಳೆಯದಾಯಿತು ಅನ್ನಿಸಿತು. ಹೋಸ್ ಕಿತ್ತಿದ್ದರೆ ನಾನು ಇದನ್ನು ಬರೆಯುತ್ತಿದ್ದೆನೋ ಇಲ್ಲವೋ. ಅವತ್ತೇ ಉದ್ದದ ಹೋಸ್ ಹಾಕಿಸಿದೆ.

ಶಾಫ್ಟ್ ಉದ್ದ ಮಾಡುವುದು ಕುಶಾಲನಗರದ ಲೇತ್‌ನಲ್ಲಿ ಆಯಿತು. ಟ್ಯೂಬನ್ನು ಲೇತ್ ಮೇಲೆ ಕೂರಿಸಿ ವೆಲ್ಡಿಂಗ್ ಸುಲಿದು, ಒಂದಿಂಚು ಉದ್ದದ ಹೊಸ ಟ್ಯೂಬ್ ಕೂರಿಸಿ, ಡಯಲ್ ಇಟ್ಟು, ತಿರುಗುವಾಗ ಓಲಾಡುತ್ತದಾ ಅಂತ ನೋಡಿ ಮತ್ತೆ ವೆಲ್ಡ್ ಮಾಡಿದರು. ಬ್ಯಾಲೆನ್ಸಿಂಗ್‌ಗೆ ಮೈಸೂರಿಗೇ ಹೋಗಬೇಕಿತ್ತು. ಶಾಫ್ಟನ್ನು ಗೋಣಿಯಲ್ಲಿ ಸುತ್ತಿ, ಬಾಳೆನಾರಿನಲ್ಲಿ ಕಟ್ಟಿ ಬಸ್ ಹತ್ತಿದೆ.

"ಎಂತ ಅದು?" ಕಂಡಕ್ಟರ್ ಕೇಳಿದರು.

"ಪ್ರೊಪೆಲ್ಲರ್ ಶಾಫ್ಟ್."

"ಯಾವುದರದ್ದು?"

"ಜೀಪಿಂದು."

ಬಗ್ಗಿ ಮೂಸಿ ನೋಡಿದರು. "ಸೀಟಿಗೆ ಗ್ರೀಸ್ ಹತ್ತಿದ್ರೆ ನಿಮ್ಮ ಪಂಚೆಯಲ್ಲೇ ಒರೆಸ್ಬೇಕು," ಅಂತ ಹೇಳಿ ಲಗೇಜ್ ಟಿಕೆಟ್ ಹರಿದರು. ಹುಣಸೂರಿನವರೆಗೆ ಪಕ್ಕದಲ್ಲಿ ಕೂತ ಅಜ್ಜ ಅದನ್ನು ಬಂದೂಕು ಅಂತಲೇ ನಂಬಿದ್ದರು. ಕೊಡಗಿನವನು, ಕೈಯಲ್ಲಿ ಉದ್ದನೆಯ ಗಂಟು. ಅವರ ತಪ್ಪೇನೂ ಇಲ್ಲ.

ಬ್ಯಾಲೆನ್ಸ್ ಆಗಿ ಬಂದ ಶಾಫ್ಟನ್ನು ಉತ್ಸಾಹದಲ್ಲಿ ನಾನೇ ಮನೆಯಲ್ಲಿ ಬಿಚ್ಚಿ, ಸ್ಪ್ಲೈನಿಗೆ ಗ್ರೀಸ್ ತುಂಬಿ ಮತ್ತೆ ಸೇರಿಸಿದೆ. ಗಾಡಿಗೆ ಕಟ್ಟಿದೆ. ನಡುಕ ಮೊದಲಿಗಿಂತ ಜಾಸ್ತಿ! ಲೇತ್‌ನವರನ್ನು ಮನಸ್ಸಿನಲ್ಲೇ ಬೈದುಕೊಂಡು ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಒಂದು ನೋಟ ನೋಡಿ ನಕ್ಕರು. ಶಾಫ್ಟಿನ ಎರಡು ತುದಿಯ ಯೋಕುಗಳು ಒಂದೇ ನೇರದಲ್ಲಿ ಇರಬೇಕು. ಅದಕ್ಕೇ ಎರಡೂ ತುಂಡಿನ ಮೇಲೆ ಬಾಣದ ಗುರುತು ಹೊಡೆದಿರುತ್ತಾರೆ. ನಾನು ಒಂದು ಹಲ್ಲು ತಪ್ಪಿಸಿ ಹಾಕಿದ್ದೆ.

ಯಾಕೆ ಹಾಗೆ ಅನ್ನುವುದನ್ನು ಅವರು ವಿವರಿಸಿದ್ದು ಚಹಾ ಕುಡಿಯುವಾಗ, ಎರಡು ಬೆಂಕಿಕಡ್ಡಿ ಇಟ್ಟುಕೊಂಡು. ಕ್ರಾಸ್ ಜಾಯಿಂಟ್ ಓರೆಯಾಗಿ ತಿರುಗಿದರೆ ಒಳಗೆ ಬರುವ ವೇಗ ಸಮ ಇದ್ದರೂ ಹೊರಗೆ ಹೋಗುವ ವೇಗ ಸಮ ಇರುವುದಿಲ್ಲ. ಒಂದು ಸುತ್ತಿನಲ್ಲಿ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಓರೆ ಕಡಿಮೆ ಇದ್ದರೆ ಇದು ಗೊತ್ತೇ ಆಗುವುದಿಲ್ಲ. 10 ಡಿಗ್ರಿಯಲ್ಲಿ ಏರಿಳಿತ ಶೇಕಡಾ ಒಂದೂವರೆಯಷ್ಟು. 20 ಡಿಗ್ರಿಗೆ ಹೋದರೆ ಶೇಕಡಾ 6 ದಾಟುತ್ತದೆ. ಈ ಲೆಕ್ಕ ನಾನು ಮನೆಗೆ ಬಂದು ಹಾಕಿದ್ದು. ಒಂದು ಜಾಯಿಂಟ್ ಕುಣಿಸಿದ್ದನ್ನು ಇನ್ನೊಂದು ಜಾಯಿಂಟ್ ಉಲ್ಟಾ ಕುಣಿಸಿ ಸಮ ಮಾಡುತ್ತದೆ. ಅದಕ್ಕೆ ಎರಡು ಷರತ್ತು. ಯೋಕುಗಳು ಒಂದೇ ನೇರದಲ್ಲಿರಬೇಕು, ಎರಡೂ ಕಡೆಯ ಓರೆ ಒಂದೇ ಇರಬೇಕು.

ಬಾಣಕ್ಕೆ ಬಾಣ ಕೂಡಿಸಿ ಹಾಕಿದ ಮೇಲೆ ನಡುಕ ಅರ್ಧ ಇಳಿಯಿತು. ಇನ್ನರ್ಧ ಎರಡನೇ ಷರತ್ತಿನದ್ದು.

ಮೊಬೈಲ್‌ನಲ್ಲಿ ಮಟ್ಟ ನೋಡುವ ಆ್ಯಪ್ ಹಾಕಿಕೊಂಡು ಅಳೆದೆ. ಎತ್ತುವ ಮೊದಲು ಶಾಫ್ಟಿನ ಇಳಿಜಾರು 12 ಡಿಗ್ರಿ ಇದ್ದಿರಬೇಕು, ಲೆಕ್ಕ ಹಾಕಿದರೆ ಹಾಗೆ ಬರುತ್ತದೆ. ಈಗ 19. ಟ್ರಾನ್ಸ್‌ಫರ್ ಕೇಸ್ ಕಡೆ ಜಾಯಿಂಟಿನಲ್ಲಿ 19, ಪಿನಿಯನ್ ಕಡೆ, ಅಂದರೆ ಶಾಫ್ಟ್ ಹೌಸಿಂಗಿಗೆ ಸೇರುವ ಕಡೆಯ ಜಾಯಿಂಟಿನಲ್ಲಿ 23. ಈ 4 ಡಿಗ್ರಿ ಎಲ್ಲಿಂದ ಬಂತು? ಶ್ಯಾಕಲ್‌ನಿಂದ. ನನ್ನ ಗಾಡಿಯಲ್ಲಿ ಮುಂದಿನ ಶ್ಯಾಕಲ್ ಇರುವುದು ಬ್ಲೇಡಿನ ಹಿಂದಿನ ತುದಿಯಲ್ಲಿ. ಅದನ್ನು ಉದ್ದ ಮಾಡಿದಾಗ ಬ್ಲೇಡಿನ ಬಾಲ ತಗ್ಗಿತು, ಮೂಗು ಮೇಲೆದ್ದಿತು. ಅದರ ಮೇಲೆ ಕೂತ ಹೌಸಿಂಗ್ ಹಿಂದಕ್ಕೆ ಹೊರಳಿತು. ಹಿಂದಕ್ಕೆ ಮುಖ ಮಾಡಿರುವ ಪಿನಿಯನ್ ತಲೆ ತಗ್ಗಿಸಿತು.

ನಾನು ಯೋಚಿಸಿದ್ದು ಸುಲಭದ ದಾರಿ. ಬ್ಲೇಡಿಗೂ ಹೌಸಿಂಗಿಗೂ ನಡುವೆ, ದಪ್ಪ ಕಡೆ ಹಿಂದೆ ಬರುವ ಹಾಗೆ ಒಂದು ಬೆಣೆ ಕೊಟ್ಟರೆ ಪಿನಿಯನ್ ತಲೆ ಎತ್ತುತ್ತದೆ. ಅಲ್ಯೂಮಿನಿಯಂನದು ಸಿಕ್ಕಿತ್ತು. ಮೆಕ್ಯಾನಿಕ್ ಅದನ್ನು ಕೈಯಲ್ಲಿ ತೂಗಿ ಪಕ್ಕಕ್ಕಿಟ್ಟರು. ಲೋಡ್ ಬಿದ್ದರೆ ಜಜ್ಜಿಹೋಗುತ್ತದೆ, ಬ್ಲೇಡನ್ನು ಹೌಸಿಂಗಿಗೆ ಬಿಗಿಯುವ ಯು ಬೋಲ್ಟ್ ಸಡಿಲವಾಗುತ್ತದೆ, ಕಬ್ಬಿಣದ್ದೇ ಮಾಡಿಸು ಅಂದರು. 6 ಡಿಗ್ರಿಯದು ಮಾಡಿಸಿದೆ. ಸ್ವಲ್ಪ ಜಾಸ್ತಿಯೇ ಇರಲಿ ಅಂತ, ನನ್ನದೇ ತೀರ್ಮಾನ. ಬ್ಲೇಡುಗಳನ್ನು ನಡುವೆ ಹಿಡಿಯುವ ಸೆಂಟರ್ ಬೋಲ್ಟ್ ಬೆಣೆಯ ದಪ್ಪಕ್ಕೆ ಸಾಲದೆ ಉದ್ದದ್ದು ಹಾಕಬೇಕಾಯಿತು. ಇಲ್ಲದಿದ್ದರೆ ಬೋಲ್ಟಿನ ತಲೆ ಹೌಸಿಂಗಿನ ತೂತಿಗೆ ಸಿಕ್ಕುವುದಿಲ್ಲ, ಹೌಸಿಂಗ್ ಬ್ಲೇಡಿನ ಮೇಲೆ ಜಾರುತ್ತದೆ.

ನಡುಕ ಹೋಯಿತು. ಫೋರ್ ವೀಲಿನಲ್ಲಿ ಗಾಡಿ ಬೆಣ್ಣೆಯ ಹಾಗೆ ಹತ್ತಿತು. ಎರಡು ದಿನ ಖುಷಿಯಲ್ಲಿದ್ದೆ.

ಮೂರನೇ ದಿನ ಸುಂಟಿಕೊಪ್ಪದಿಂದ ಮಡಿಕೇರಿಗೆ ಹೋಗುವಾಗ ಸ್ಟಿಯರಿಂಗ್ ನನ್ನ ಮಾತು ಕೇಳುತ್ತಿಲ್ಲ ಅನ್ನಿಸಿತು. ನೇರ ರಸ್ತೆಯಲ್ಲೂ ಗಾಡಿ ಕುಡಿದವನ ಹಾಗೆ ಆಚೆ ಈಚೆ ಎಳೆಯುತ್ತಿತ್ತು. ತಿರುವಿನಿಂದ ಹೊರಗೆ ಬಂದಾಗ ಚಕ್ರ ತಾನಾಗಿ ನೇರವಾಗಬೇಕಲ್ವಾ, ಆಗುತ್ತಿರಲಿಲ್ಲ. ಕೈಯಲ್ಲಿ ತಿರುಗಿಸಿ ತರಬೇಕಿತ್ತು. 50ರ ವೇಗದಲ್ಲಿ ಒಂದು ಗುಂಡಿಗೆ ಎಡ ಚಕ್ರ ಬಿತ್ತು. ಅಷ್ಟೇ. ಮುಂದಿನ ಎರಡೂ ಚಕ್ರ ಹುಚ್ಚು ಹಿಡಿದ ಹಾಗೆ ಅದುರಲು ಶುರು. ಸ್ಟಿಯರಿಂಗ್ ಕೈಯಿಂದ ಕಿತ್ತುಕೊಂಡಿತು, ಡ್ಯಾಶ್ ಬೋರ್ಡ್ ಮೇಲಿನ ಗಣಪತಿ ನನ್ನ ಮಡಿಲಿಗೆ ಬಂದ. ಪೂರ್ತಿ ನಿಲ್ಲಿಸುವವರೆಗೂ ಅದುರುವುದು ನಿಲ್ಲಲಿಲ್ಲ. ಹಿಂದೆ ಬರುತ್ತಿದ್ದ ಬೈಕಿನವನು ಪಕ್ಕಕ್ಕೆ ಬಂದು ನೋಡಿ, ಏನೂ ಹೇಳದೆ ಹೋದ.

ಸೈಕಲ್ಲಿನ ಮುಂದಿನ ಫೋರ್ಕ್ ಮೇಲ್ಗಡೆ ಹಿಂದಕ್ಕೆ ವಾಲಿರುತ್ತದೆ, ನೋಡಿದ್ದೀರಲ್ಲ. ಕೈಬಿಟ್ಟು ಓಡಿಸಿದರೂ ಸೈಕಲ್ ನೇರ ಹೋಗುವುದಕ್ಕೆ ಆ ವಾಲಿಕೆಯೂ ಒಂದು ಕಾರಣ. ಗಾಡಿಯ ಮುಂದಿನ ಚಕ್ರ ತಿರುಗುವ ಕಿಂಗ್ ಪಿನ್‌ಗೂ ಅಂಥದ್ದೇ ವಾಲಿಕೆ ಇದೆ. ಅದಕ್ಕೆ ಕ್ಯಾಸ್ಟರ್ ಅನ್ನುತ್ತಾರೆ. ಹಳೆಯ ವಿಲ್ಲೀಸ್ ಜೀಪಿನ ಕೈಪಿಡಿಯಲ್ಲಿ ಅದು 3 ಡಿಗ್ರಿ. ಕಿಂಗ್ ಪಿನ್ ಕೂತಿರುವುದೂ ಪಿನಿಯನ್ ಕೂತಿರುವುದೂ ಒಂದೇ ಹೌಸಿಂಗಿನಲ್ಲಿ. ಒಂದನ್ನು ಹೊರಳಿಸಿದರೆ ಇನ್ನೊಂದೂ ಹೊರಳುತ್ತದೆ. ಉದ್ದ ಶ್ಯಾಕಲ್ ಹಾಕಿದಾಗ ಕ್ಯಾಸ್ಟರ್ 3 ಇದ್ದದ್ದು 7 ಆಗಿತ್ತು. ಸ್ಟಿಯರಿಂಗ್ ಗಟ್ಟಿಯಾಗಿದೆ ಅಂತ ನಾನು ದೊಡ್ಡ ಟೈರಿನ ಮೇಲೆ ಗೂಬೆ ಕೂರಿಸಿದ್ದೆ. 6 ಡಿಗ್ರಿ ಬೆಣೆ ಕೊಟ್ಟಾಗ 7 ಹೋಗಿ 1 ಆಯಿತು. ಶಾಫ್ಟಿಗೆ ಬೇಕಾದ್ದು ಕೊಟ್ಟೆ, ಸ್ಟಿಯರಿಂಗಿನದ್ದು ಕಿತ್ತುಕೊಂಡೆ. ಒಂದೇ ಕೋಣೆ ಇರುವ ಮನೆಯಲ್ಲಿ ಅತ್ತೆ ಸೊಸೆ ಇಬ್ಬರನ್ನೂ ಸುಧಾರಿಸಿದ ಹಾಗೆ ಈ ಹೌಸಿಂಗ್.

ಟ್ರಾನ್ಸ್‌ಫರ್ ಕೇಸ್ ಕಡೆ ಎರಡು ಕ್ರಾಸಿನ ಡಬಲ್ ಜಾಯಿಂಟ್ ಹಾಕಿ ಎರಡನ್ನೂ ಸುಧಾರಿಸುವ ದಾರಿ ಇದೆ. ಹೌಸಿಂಗಿನ ತುದಿಗಳನ್ನು ಕತ್ತರಿಸಿ, ಕಿಂಗ್ ಪಿನ್ ಭಾಗವನ್ನು ಮಾತ್ರ ತಿರುಗಿಸಿ ವೆಲ್ಡ್ ಮಾಡುವವರೂ ಇದ್ದಾರೆ. ಎರಡನ್ನೂ ಮೆಕ್ಯಾನಿಕ್ ಮುಂದೆ ಇಟ್ಟೆ. ಅವರು ಕೇಳಿದ್ದು ಒಂದೇ.

"ದಿಂಡಿಗೆ ತಾಗ್ತಿದ್ದದ್ದು ಎಂತ? ಚಾಸಿಯಾ, ಹೌಸಿಂಗಾ?"

ಹೌಸಿಂಗ್. ಗೀರು ಇದ್ದದ್ದೂ ಅಲ್ಲೇ. ಸ್ಪ್ರಿಂಗ್ ಎಷ್ಟೇ ಎತ್ತಿದರೂ ಮೇಲೆ ಹೋಗುವುದು ಚಾಸಿ ಮತ್ತು ಬಾಡಿ. ಹೌಸಿಂಗ್ ಚಕ್ರದ ನಡುವೆ ಇರುವಂಥದ್ದು. ಅದು ಮೇಲೇಳುವುದು ಟೈರ್ ದೊಡ್ಡದಾದರೆ ಮಾತ್ರ. ಮೂರೂವರೆ ಇಂಚು ಎತ್ತಿಸಿದವನಿಗೆ ನಿಜವಾಗಿ ಬೇಕಿದ್ದ ಜಾಗದಲ್ಲಿ ಸಿಕ್ಕಿದ್ದು ಹೊಸ ಟೈರಿನ ಮುಕ್ಕಾಲು ಇಂಚು! ನಾನು ಮಣೆಯ ಮೇಲೆ ಕೂತು ಸ್ವಲ್ಪ ಹೊತ್ತು ನಗುತ್ತಿದ್ದೆ. ಅವರೂ ನಕ್ಕರು. ಮಾಂದಲಪಟ್ಟಿಗೆ ಬಾಡಿಗೆ ಓಡಿಸುವ ಜೀಪಿನವರೊಬ್ಬರು ಅಲ್ಲೇ ಇದ್ದರು. "ನಾನು ನನ್ನದನ್ನು ಎತ್ತಲೇ ಇಲ್ಲ ಅಣ್ಣ. ಏರಿನ ಮೇಲೆ ಒಂದು ಚಕ್ರ ಇಟ್ಟು ಲೋ ಗೇರಿನಲ್ಲಿ ಬಿಡುವುದು, ಅಷ್ಟೇ," ಅಂದರು.

ಇನ್ನೊಂದು ಭಯವೂ ಇತ್ತು. ಹದಿನೈದು ವರ್ಷ ದಾಟಿದ ಗಾಡಿ, ಆರ್‌ಸಿ ರಿನ್ಯೂವಲ್‌ಗೆ ಮಡಿಕೇರಿಯ ಆರ್‌ಟಿಒಗೆ ಹೋಗಲೇಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಿಸಿದವರು ಕೊಟ್ಟ ವಿವರಕ್ಕೆ ತಾಳೆಯಾಗದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿ ಮಾಡಿ ಹೇಳಿದೆ. ಹೌಸಿಂಗ್ ಕತ್ತರಿಸಿ ವೆಲ್ಡ್ ಮಾಡಿಸಿ ಅಲ್ಲಿ ಹೋಗಿ ನಿಲ್ಲುವ ಧೈರ್ಯ ನನಗಿಲ್ಲ.

ಹಾಗಾಗಿ ಉದ್ದ ಶ್ಯಾಕಲ್ ಬಿಚ್ಚಿ ಹಳೆಯದನ್ನೇ ಹಾಕಿದೆವು. ಬೆಣೆ ತೆಗೆದೆವು. ಬ್ಲೇಡಿನ ಬಾಗಿನಿಂದ ಬಂದ 2 ಇಂಚು ಮಾತ್ರ ಉಳಿಯಿತು. ಬಾಗು ಹೆಚ್ಚಿದಾಗ ಬ್ಲೇಡಿನ ಎರಡೂ ತುದಿ ಒಂದೇ ಸಮ ಏಳುತ್ತವೆ, ಹೌಸಿಂಗ್ ಹೊರಳುವುದಿಲ್ಲ. ಅಳೆದು ನೋಡಿದರೆ ಎರಡೂ ಜಾಯಿಂಟಿನಲ್ಲಿ 16 ಡಿಗ್ರಿ. ಕ್ಯಾಸ್ಟರ್ ಮತ್ತೆ 3ಕ್ಕೆ ಬಂದು ಕೂತಿತು. ಏನೂ ಮಾಡದೆಯೇ ಸರಿಯಾಯಿತು ಅನ್ನಬೇಕು. ಕಿಂಗ್ ಪಿನ್ ಬೇರಿಂಗ್ ಸಡಿಲ ಇತ್ತು. ಮೆಕ್ಯಾನಿಕ್ ಶಿಮ್ ಅನ್ನುವ ತೆಳು ತಗಡು ತೆಗೆದು ಹಾಕಿ, ಮೀನಿನವರು ತೂಗುವ ಸ್ಪ್ರಿಂಗ್ ತಕ್ಕಡಿಯನ್ನು ಸ್ಟಿಯರಿಂಗ್ ತೋಳಿಗೆ ಸಿಕ್ಕಿಸಿ, ಎಷ್ಟು ಎಳೆದರೆ ತಿರುಗುತ್ತದೆ ಅಂತ ನೋಡಿ ಬಿಗಿ ಸರಿಮಾಡಿದರು.

ಈಗ ಉಲ್ಟಾ ಚಿಂತೆ. ಗಾಡಿ ಇಳಿಸಿದ ಮೇಲೆ ಶಾಫ್ಟ್ ಉದ್ದವಾಯಿತಾ? ಸ್ಪ್ರಿಂಗ್ ಪೂರ್ತಿ ಕುಗ್ಗಿದಾಗ ಸ್ಪ್ಲೈನು ಒಳಗೆ ಹೋಗಿ ಗುದ್ದಿದರೆ ಟ್ರಾನ್ಸ್‌ಫರ್ ಕೇಸಿನ ಬೇರಿಂಗಿಗೇ ಏಟು. ಸ್ಪ್ಲೈನಿನ ಹೊರಭಾಗಕ್ಕೆ ತೆಳ್ಳಗೆ ಗ್ರೀಸ್ ಬಳಿದು, ಮುಂದಿನ ಬಂಪರ್ ಮೇಲೆ ನಾಲ್ಕು ಜನ ಹತ್ತಿ ಕುಣಿದೆವು. ಆಮೇಲೆ ತೋಟದ ದಾರಿಯಲ್ಲಿ ಒಂದು ಸುತ್ತು. ಬಂದು ನೋಡಿದಾಗ ಗ್ರೀಸ್ ಒರೆಸಿಹೋದ ಗೆರೆಯಿಂದ ಆಚೆಗೆ ಇನ್ನೂ ಅರ್ಧ ಇಂಚು ಹಾಗೇ ಇತ್ತು. ಸಾಕು. ಚಕ್ರ ಹೆಚ್ಚು ಜೋತುಬೀಳದ ಹಾಗೆ ಹೌಸಿಂಗಿನಿಂದ ಚಾಸಿಗೆ ಎರಡೂ ಕಡೆ ನೈಲಾನ್ ಬೆಲ್ಟ್ ಕಟ್ಟಿದೆವು. ಲಾರಿಯವರು ಲೋಡ್ ಬಿಗಿಯುವ ಅದೇ ಬೆಲ್ಟ್.

ಯು ಬೋಲ್ಟ್‌ಗಳನ್ನು 100 ಕಿಲೋಮೀಟರ್ ಓಡಿದ ಮೇಲೆ ಮತ್ತೆ ಬಿಗಿದೆ. ನಾಲ್ಕರಲ್ಲಿ ಮೂರು ಬೋಲ್ಟ್ ತಲಾ ಕಾಲು ಸುತ್ತು ತಿರುಗಿದವು. ಸ್ಟಿಯರಿಂಗಿನಿಂದ ಚಕ್ರದ ಕಡೆಗೆ ಹೋಗುವ ಡ್ರ್ಯಾಗ್ ಲಿಂಕ್ ಸರಳು ಸ್ವಲ್ಪ ಓರೆಯಾಗಿಯೇ ಇದೆ, ದೊಡ್ಡ ಗುಂಡಿಗೆ ಇಳಿದಾಗ ಸ್ಟಿಯರಿಂಗ್ ಒಂದು ಬೆರಳಷ್ಟು ಎಳೆಯುತ್ತದೆ. ಅದಕ್ಕೆ ಒಗ್ಗಿಕೊಂಡಿದ್ದೇನೆ. ಫೋರ್ ವೀಲಿನಲ್ಲಿ 40 ದಾಟಿದರೆ ಸಣ್ಣ ಗುಂಯ್ ಇದೆ. ಫೋರ್ ವೀಲಿನಲ್ಲಿ 40 ಓಡಿಸುವ ದಾರಿ ನಮ್ಮಲ್ಲಿ ಇಲ್ಲ.

ದಾರಿಯ ದಿಂಡನ್ನು ಈ ಸಲ ಮಳೆಗೆ ಮೊದಲೇ ಗುದ್ದಲಿಯಲ್ಲಿ ಕಡಿಸಿದೆ. ಎರಡು ಆಳು, ಒಂದೂವರೆ ದಿನ. ಆ ಉದ್ದದ ಶ್ಯಾಕಲ್‌ಗಳು ಕಣದಲ್ಲಿ ಟರ್ಪಾಲು ಹಾರದ ಹಾಗೆ ಮೂಲೆಗೊಂದು ಕೂತಿವೆ. ಅಮ್ಮ ಮಾತ್ರ ಮಣೆಯನ್ನು ಗಾಡಿಯಿಂದ ಇನ್ನೂ ಇಳಿಸಿಲ್ಲ.